ಪೆನ್ಸಿಲ್‌ನಲ್ಲಿ ಬರೆದ ಹೆಸರು: ಎರಡು ಜಿಲ್ಲೆಗಳ ನಡುವೆ ಸಿಕ್ಕಿಕೊಂಡ ಒಂದು ದಾಖಲಾತಿ

2018ರ ಜುಲೈ ಕೊನೆಯ ವಾರ. ನಾನಾಗ ಚಿತ್ರದುರ್ಗ ಜಿಲ್ಲೆಯ ಭರಮಸಾಗರ ಕಡೆಯ ಒಂದು ಕ್ಲಸ್ಟರ್‌ಗೆ, ಅಂದರೆ ಶಾಲೆಗಳ ಒಂದು ಗುಂಪಿಗೆ, ಸಿಆರ್‌ಪಿ (ಸಂಪನ್ಮೂಲ ವ್ಯಕ್ತಿ) ಆಗಿದ್ದೆ. ಸಂಜೆ ಬೈಕ್ ನಿಲ್ಲಿಸಿ ಒಳಗೆ ಬರುವಷ್ಟರಲ್ಲಿ ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಗ್ರೂಪಿನಲ್ಲಿ ಒಂದು ಪಟ್ಟಿ ಬಂದಿತ್ತು. ಏಳನೇ ತರಗತಿ ಮುಗಿಸಿ ಎಂಟಕ್ಕೆ ಎಲ್ಲೂ ಸೇರದ ಮಕ್ಕಳ ಪಟ್ಟಿ ಅದು. ಮೂರು ದಿನದಲ್ಲಿ ಕಾರಣ ಬರೆದು ಕಳಿಸಿ ಅಂತ ಕೆಳಗೊಂದು ಸಾಲು.

ನನ್ನ ಕ್ಲಸ್ಟರ್‌ನ ಹೆಸರು ನಾಲ್ಕಿದ್ದವು. ಒಬ್ಬ ಹುಡುಗ ದುರ್ಗದಲ್ಲಿ ಹಾಸ್ಟೆಲ್ ಸೇರಿ ಓದುತ್ತಿದ್ದ, ಅಲ್ಲಿನ ಶಾಲೆಯವರು ಇನ್ನೂ ಕಂಪ್ಯೂಟರಿಗೆ ಏರಿಸಿರಲಿಲ್ಲ ಅಷ್ಟೇ. ಒಬ್ಬಳ ಮನೆಯವರು ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದರು. ಇನ್ನೊಬ್ಬ ನಿಜವಾಗಿಯೂ ಶಾಲೆ ಬಿಟ್ಟು ಹೈವೇ ಪಕ್ಕದ ಪಂಕ್ಚರ್ ಅಂಗಡಿಯಲ್ಲಿದ್ದ. ಅವನನ್ನು ವಾಪಸ್ ತಂದದ್ದು ಬೇರೆಯೇ ಕಥೆ. ನಾಲ್ಕನೆಯವಳ ಬಗ್ಗೆ ಈ ಬರಹ. ಕಾವ್ಯಾ ಅಂತ ಕರೆಯೋಣ. ಅದು ಅವಳ ನಿಜ ಹೆಸರಲ್ಲ.

ನನ್ನ ತಪ್ಪನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಕಾವ್ಯಾ ಅಜ್ಜಿ ಮನೆಯಲ್ಲಿರುವ ಹುಡುಗಿ ಅನ್ನುವುದು ಗೊತ್ತಿತ್ತು. ಅಷ್ಟೇ ಸಾಕಾಯಿತು. ಊರಿಗೆ ಹೋಗುವ ಮುಂಚೆಯೇ ಅವಳ ಹೆಸರಿನ ಮುಂದೆ ‘ಪೋಷಕರ ನಿರಾಸಕ್ತಿ’ ಅಂತ ಬರೆದುಬಿಟ್ಟಿದ್ದೆ. ವರ್ಷಕ್ಕೆ ಇಂಥ ಹತ್ತಾರು ಹಾಳೆ ತುಂಬಿಸುವವನ ಕೈ ತಾನಾಗಿಯೇ ಹಾಗೆ ಬರೆಯುತ್ತದೆ.

ಮಾರನೇ ದಿನ ಬೆಳಗ್ಗೆ ಹತ್ತೂವರೆಗೆ ಹೋದೆ. ಅಜ್ಜಿ ಕಟ್ಟೆ ಮೇಲೆ ಕೂತು ಕಳೆದ ವರ್ಷದ ಮೆಕ್ಕೆಜೋಳ ಬಿಡಿಸುತ್ತಿದ್ದರು.

“ಕಾವ್ಯಾ ಎಲ್ಲಮ್ಮ?”

“ಸ್ಕೂಲಿಗೆ ಹೋಗ್ಯಾಳಪ್ಪ.”

“ಯಾವ ಸ್ಕೂಲಿಗೆ?”

“ಅದೇ, ಆ ಕಡೆ ಹೈಸ್ಕೂಲಿಗೆ. ಜೂನ್ ತಿಂಗಳಿಂದ ದಿನಾ ಹೋಗ್ತಾಳೆ. ಯಾಕ್ ಮೇಷ್ಟ್ರೇ, ಏನಾದ್ರೂ ಮಾಡ್ಯಾಳೇನು?”

‘ಆ ಕಡೆ’ ಅಂದರೆ ಸುಮಾರು ಮೂರು ಕಿಲೋಮೀಟರ್. ಎರಡು ಹೊಲ, ಒಂದು ಹಳ್ಳ, ಒಂದು ಡಾಂಬರು ರಸ್ತೆ. ಅದರ ನಡುವೆ ಎಲ್ಲೋ ಒಂದು ಕಡೆ ಚಿತ್ರದುರ್ಗ ಜಿಲ್ಲೆ ಮುಗಿದು ದಾವಣಗೆರೆ ಜಿಲ್ಲೆ ಶುರುವಾಗುತ್ತದೆ. ಅಲ್ಲಿ ಬೋರ್ಡೂ ಇಲ್ಲ, ಕಲ್ಲೂ ಇಲ್ಲ. ನಮ್ಮ ಕಡೆಯ ಹೈಸ್ಕೂಲು ಆ ಊರಿಗೆ ಏಳು ಕಿಲೋಮೀಟರ್ ದೂರ, ಬಸ್ಸು ಸಿಕ್ಕರೆ ಸಿಕ್ಕಿತು. ಅಜ್ಜಿ ಹತ್ತಿರದ್ದನ್ನು ಆರಿಸಿದ್ದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಅಲ್ಲಿಂದ ಸೀದಾ ಆ ಹೈಸ್ಕೂಲಿಗೆ ಹೋದೆ. ಸಿಆರ್‌ಪಿ ಅಂತ ಪರಿಚಯ ಹೇಳಿಕೊಂಡಾಗ ಹೆಡ್‌ಮಾಸ್ಟರ್ ಸ್ವಲ್ಪ ಅನುಮಾನದಿಂದಲೇ ನೋಡಿದರು. ಬೇರೆ ಜಿಲ್ಲೆಯವನಿಗೆ ಇಲ್ಲೇನು ಕೆಲಸ ಅಂತ ಅನಿಸಿರಬೇಕು, ಅದು ಸಹಜ. ವಿಷಯ ಹೇಳಿದ ಮೇಲೆ ಎಂಟನೇ ತರಗತಿಯ ಹಾಜರಿ ಪುಸ್ತಕ ತರಿಸಿದರು. 41 ಮಕ್ಕಳ ಹೆಸರು ನೀಲಿ ಇಂಕಿನಲ್ಲಿತ್ತು. ಕೆಳಗೆ ಕ್ರಮಸಂಖ್ಯೆ ಇಲ್ಲದ ಒಂದು ಸಾಲು, ಅದರಲ್ಲಿ ಪೆನ್ಸಿಲ್‌ನಲ್ಲಿ ಕಾವ್ಯಾಳ ಹೆಸರು. ಹಾಜರಿ ಮಾತ್ರ ಪೆನ್ನಿನಲ್ಲೇ ಹಾಕಿದ್ದರು. ಜೂನ್, ಜುಲೈ ಎರಡೂ ತಿಂಗಳು ಸೇರಿ ಬರೀ ಎರಡು ದಿನ ಗೈರು.

“ಸ್ಯಾಟ್ಸ್‌ನಲ್ಲಿ ಬರಲಿ ಸಾರ್, ಆಮೇಲೆ ಇಂಕಲ್ಲಿ ಬರೀತೀನಿ” ಅಂದರು ತರಗತಿ ಶಿಕ್ಷಕಿ. ಇಲಾಖೆಯ ಕಂಪ್ಯೂಟರ್ ಲೆಕ್ಕ ಅದು. ಬಿಸಿಯೂಟಕ್ಕೆ ತೊಂದರೆ ಆಗಿದೆಯಾ ಅಂತ ಕೇಳಿದೆ. ಇಲ್ಲವಂತೆ. ಅಡುಗೆಯವರು ಬೆಳಗ್ಗೆ ತಲೆ ಎಣಿಸಿ ಅಕ್ಕಿ ಹಾಕುತ್ತಾರೆ. ಆ ಲೆಕ್ಕದಲ್ಲಿ ಅವಳು ಮೊದಲ ದಿನದಿಂದಲೂ 42ನೆಯವಳಾಗಿದ್ದಳು.

ಹುಡುಗಿ ತರಗತಿಯಲ್ಲೇ ಇದ್ದಳು. ಎರಡನೇ ಬೆಂಚು. ನನ್ನನ್ನು ನೋಡಿ ನಕ್ಕಳು, ಹಳೆ ಶಾಲೆಯಲ್ಲಿ ನೋಡಿದ ಗುರುತು. ನನ್ನ ಬ್ಯಾಗಿನಲ್ಲಿದ್ದ ಹಾಳೆಯ ಪ್ರಕಾರ ಅವಳು ಶಾಲೆ ಬಿಟ್ಟ ಮಗು.

ಆದದ್ದೇನು

ಆ ವರ್ಷ ಮೇ 12ಕ್ಕೆ ವಿಧಾನಸಭೆ ಚುನಾವಣೆ. ಏಪ್ರಿಲ್‌ನಿಂದಲೇ ಮೇಷ್ಟ್ರುಗಳಿಗೆ ತರಬೇತಿ, ಡ್ಯೂಟಿ ಅಂತ ಓಡಾಟ. ಕಾವ್ಯಾಳ ಹಳೆ ಶಾಲೆಯ ಹೆಡ್‌ಮಾಸ್ಟರ್ ಟಿಸಿಯನ್ನು ಪುಸ್ತಕದಲ್ಲಿ ಕೈಬರಹದಲ್ಲಿ ಬರೆದು, ಸೀಲು ಹಾಕಿ ಅಜ್ಜಿ ಕೈಗೆ ಕೊಟ್ಟರು. ಅದನ್ನೇ ಸ್ಯಾಟ್ಸ್‌ನಲ್ಲೂ ಏರಿಸಬೇಕಿತ್ತು. ಸ್ಯಾಟ್ಸ್ ಅಂದರೆ ಪ್ರತಿ ಮಗುವಿಗೂ ಒಂದು ನಂಬರ್ ಕೊಟ್ಟು ಶಾಲೆಯಿಂದ ಶಾಲೆಗೆ ಹಿಂಬಾಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ. ಹಳೆ ಶಾಲೆ ಅಲ್ಲಿ ಬಿಟ್ಟುಕೊಟ್ಟರೆ ಮಾತ್ರ ಹೊಸ ಶಾಲೆ ಆ ನಂಬರನ್ನು ತನ್ನ ಕಡೆ ಎಳೆದುಕೊಳ್ಳಬಹುದು. ಏರಿಸಿದ್ದೇನೆ ಅಂತಲೇ ಅವರು ನಂಬಿದ್ದರು. ಏರಿರಲಿಲ್ಲ. ಸರ್ವರ್ ಕೈಕೊಟ್ಟಿತ್ತೋ, ಡ್ಯೂಟಿ ಗಡಿಬಿಡಿಯಲ್ಲಿ ಕೊನೆಯ ಬಟನ್ ಒತ್ತಲಿಲ್ಲವೋ, ಯಾರಿಗೆ ಗೊತ್ತು.

ಇದು ಅಷ್ಟು ದೊಡ್ಡ ತಪ್ಪಲ್ಲ. ಇಂಥದ್ದು ವರ್ಷಕ್ಕೆ ಐದಾರು ಆಗುತ್ತವೆ. ಒಂದೇ ಕ್ಲಸ್ಟರ್ ಒಳಗಾದರೆ ತಿಂಗಳ ಸಮಾಲೋಚನಾ ಸಭೆಯಲ್ಲಿ ಚಹಾ ಕುಡಿಯುತ್ತಲೇ ಬಗೆಹರಿಯುತ್ತದೆ. “ರೀ, ನಮ್ಮ ಹುಡುಗೀನ ಇನ್ನೂ ಬಿಟ್ಟಿಲ್ವಲ್ರೀ” ಅಂದರೆ ಸಾಕು. ಇಲ್ಲಿ ಹಾಗಾಗಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಇಲಾಖೆಯನ್ನು ಹೇಗೆ ಹೋಳು ಮಾಡಿದ್ದಾರೆ ಅಂತ ಸ್ವಲ್ಪ ನೋಡಬೇಕು.

ಹೋಳುಗಳ ಲೆಕ್ಕ

ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ಆಯುಕ್ತರು. ಅವರ ಕೆಳಗೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಅಂತ ನಾಲ್ಕು ವಿಭಾಗ. ವಿಭಾಗದ ಕೆಳಗೆ ಶೈಕ್ಷಣಿಕ ಜಿಲ್ಲೆ, ಅದಕ್ಕೆ ಉಪನಿರ್ದೇಶಕರು, ನಾವು ಡಿಡಿಪಿಐ ಅನ್ನುತ್ತೇವೆ. ಅದರ ಕೆಳಗೆ ಬ್ಲಾಕ್ ಅಥವಾ ವಲಯ, ಅಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ. ಬ್ಲಾಕಿನ ಕೆಳಗೆ ಕ್ಲಸ್ಟರ್. ಕ್ಲಸ್ಟರಿಗೆ ಹತ್ತು ಹದಿನೈದು ಶಾಲೆ, ಅವುಗಳಿಗೆ ಒಬ್ಬ ಸಿಆರ್‌ಪಿ. ಮಗುವಿನ ಮುಖ ನೋಡಿ ಇವಳು ಇಂಥವರ ಮಗಳು ಅಂತ ಹೇಳಬಲ್ಲ ಕೊನೆಯ ಮೆಟ್ಟಿಲು ಇದೇ. ಇದರ ಮೇಲೆ ಎಲ್ಲವೂ ಸಂಖ್ಯೆ.

ಶೈಕ್ಷಣಿಕ ಜಿಲ್ಲೆ ಅಂದರೆ ಕಂದಾಯ ಜಿಲ್ಲೆಯೇ ಆಗಬೇಕೆಂದಿಲ್ಲ. 2018ರಲ್ಲಿ ಕಂದಾಯ ಜಿಲ್ಲೆ 30, ಶೈಕ್ಷಣಿಕ ಜಿಲ್ಲೆ 34. ಹಿರಿಯೂರಿನ ಗೆಳೆಯರಿಗೆ ಇದು ಚೆನ್ನಾಗಿ ಗೊತ್ತು. ಅವರು ಗಡಿ ದಾಟಿದರೆ ಶಿರಾ, ಜಿಲ್ಲೆ ತುಮಕೂರು. ಆದರೆ ಶಾಲೆ ಕಾಗದ ಹೋಗಬೇಕಾದದ್ದು ಮಧುಗಿರಿಗೆ, ಯಾಕೆಂದರೆ ಶಿರಾ, ಪಾವಗಡ, ಕೊರಟಗೆರೆ ಎಲ್ಲ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಬ್ಲಾಕೂ ಅಷ್ಟೇ. ದಾವಣಗೆರೆ ಒಂದೇ ತಾಲ್ಲೂಕು, ಆದರೆ ಉತ್ತರ, ದಕ್ಷಿಣ ಅಂತ ಎರಡು ವಲಯ, ಇಬ್ಬರು ಬಿಇಒ. ಈ ಒಂದು ಸಂಗತಿ ಮುಂದೆ ನನ್ನ ಮರ್ಯಾದೆ ಕಳೆಯಿತು.

ಪ್ರತಿ ಶಾಲೆಯ ಗೋಡೆಯ ಮೇಲೆ ಬರೆದಿರುವ ಯು-ಡೈಸ್ ಕೋಡ್, ಅಂದರೆ ಆ ಶಾಲೆಯ ಗುರುತಿನ ನಂಬರ್, ನೋಡಿದ್ದೀರಾ? 11 ಅಂಕಿ. ಮೊದಲ ಎರಡು ರಾಜ್ಯದ್ದು, ನಮಗೆ 29. ಮುಂದಿನ ಎರಡು ಜಿಲ್ಲೆ, ಆಮೇಲೆ ಎರಡು ಬ್ಲಾಕ್, ಮೂರು ಊರು ಅಥವಾ ವಾರ್ಡ್, ಕೊನೆಯ ಎರಡು ಶಾಲೆ. ಕಾವ್ಯಾಳ ಹಳೆ ಶಾಲೆಯ ಕೋಡ್ ಶುರುವಾಗುವುದು 2913ರಿಂದ, ಅದು ಚಿತ್ರದುರ್ಗ. ಹೈಸ್ಕೂಲಿನದು 2914ರಿಂದ, ಅದು ದಾವಣಗೆರೆ. ಹಳ್ಳ ದಾಟಿದ್ದಕ್ಕೆ ಬದಲಾದದ್ದು ಒಂದೇ ಒಂದು ಅಂಕಿ ಅನಿಸಬಹುದು. ಆದರೆ ಅದು ಜಿಲ್ಲೆಯ ಅಂಕಿ. ಅದು ಬದಲಾದರೆ ಕೆಳಗಿನ ಅಧಿಕಾರಿಗಳೆಲ್ಲ ಬದಲಾದ ಹಾಗೆ.

ಇನ್ನೊಂದು ಗೆರೆಯೂ ಇತ್ತು, ಅದು ನಕ್ಷೆಯಲ್ಲಿ ಕಾಣುವುದಿಲ್ಲ. ಸಿಆರ್‌ಪಿ ಓಡಾಡುವುದು ಮುಖ್ಯವಾಗಿ ಪ್ರಾಥಮಿಕ ಶಾಲೆಗಳಿಗೆ. ಹೈಸ್ಕೂಲಿನವರ ಸಭೆ ಬೇರೆ, ವಾಟ್ಸಾಪ್ ಗ್ರೂಪ್ ಬೇರೆ. ಏಳರಿಂದ ಎಂಟಕ್ಕೆ ಹೋಗುವ ಮಗು ಊರಲ್ಲೇ ಇದ್ದರೂ ಈ ಗೆರೆ ದಾಟಲೇಬೇಕು. ಕಾವ್ಯಾ ಒಂದೇ ಸಲಕ್ಕೆ ಎರಡನ್ನೂ ದಾಟಿದ್ದಳು.

ಇಲ್ಲೊಂದು ಮಾತು. ಅಮೆರಿಕದಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ನಮ್ಮ ಶೈಕ್ಷಣಿಕ ಜಿಲ್ಲೆಯಂಥದ್ದು ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಅಲ್ಲ. ಅಲ್ಲಿ ಹೆಚ್ಚಿನ ಕಡೆ ಅದೊಂದು ಸ್ವತಂತ್ರ ಸಂಸ್ಥೆ. ಊರವರೇ ಓಟು ಹಾಕಿ ಮಂಡಳಿ ಆರಿಸುತ್ತಾರೆ, ಆಸ್ತಿ ತೆರಿಗೆಯ ಹಣ ಶಾಲೆಗೆ ಹೋಗುತ್ತದೆ. ಹಾಗಾಗಿ ಗೆರೆಯಾಚೆಯ ಮಗು ಬಂದರೆ ‘ನೀನು ನಮ್ಮ ಡಿಸ್ಟ್ರಿಕ್ಟ್ ಅಲ್ಲ’ ಅಂತ ವಾಪಸ್ ಕಳಿಸುವುದುಂಟು. ಹವಾಯಿ ಮಾತ್ರ ಬೇರೆ, ಅಲ್ಲಿ ಇಡೀ ರಾಜ್ಯಕ್ಕೆ ಒಂದೇ ಡಿಸ್ಟ್ರಿಕ್ಟ್. ನಮ್ಮಲ್ಲಿ ಮೇಷ್ಟ್ರ ಸಂಬಳ ಎರಡೂ ಕಡೆ ಒಂದೇ ಸರ್ಕಾರದ್ದು. ಪುಸ್ತಕ, ಪರೀಕ್ಷೆ ಎಲ್ಲ ಒಂದೇ. ನಮ್ಮ ಗೆರೆ ಮಗುವನ್ನು ತಡೆಯುವುದಿಲ್ಲ. ಲೆಕ್ಕವನ್ನು ಮಾತ್ರ ತಡೆಯುತ್ತದೆ.

ಕಾನೂನು ಏನನ್ನುತ್ತದೆ

ಹೈಸ್ಕೂಲಿನವರು ಹುಡುಗಿಯನ್ನು ಕೂರಿಸಿಕೊಂಡದ್ದು ಸರಿಯಾಗಿಯೇ ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಎಂಟನೇ ತರಗತಿವರೆಗಿನ ಮಗು ಇನ್ನೊಂದು ಸರ್ಕಾರಿ ಶಾಲೆಗೆ ಹೋಗಬಹುದು, ಹೆಡ್‌ಮಾಸ್ಟರ್ ತಕ್ಷಣ ಟಿಸಿ ಕೊಡಬೇಕು, ಟಿಸಿ ತಡವಾಯಿತು ಅಂತ ಹೊಸ ಶಾಲೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ.

ತೊಡಕು ಇದ್ದದ್ದು 9ನೇ ಕಲಂನಲ್ಲಿ. ಸ್ಥಳೀಯ ಪ್ರಾಧಿಕಾರ ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದೊಳಗಿನ ಎಲ್ಲ ಮಕ್ಕಳ ದಾಖಲೆ ಇಡಬೇಕು ಅನ್ನುತ್ತದೆ ಅದು. ಅಂದರೆ ಕಾನೂನು ಮಗುವನ್ನು ಎಣಿಸುವುದು ಮನೆಯಿಂದ. ಸ್ಯಾಟ್ಸ್ ಎಣಿಸುವುದು ಶಾಲೆಯಿಂದ. ಮನೆ, ಶಾಲೆ ಎರಡೂ ಒಂದೇ ಬ್ಲಾಕಿನಲ್ಲಿದ್ದರೆ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದೇ ಇಲ್ಲ. ಗಡಿ ಊರಿನಲ್ಲಿ ಗೊತ್ತಾಗುತ್ತದೆ. ಮನೆಯ ಲೆಕ್ಕದಲ್ಲಿ ಕಾವ್ಯಾ ನಮ್ಮವಳು, ಶಾಲೆಯ ಲೆಕ್ಕದಲ್ಲಿ ಅವರವಳು. ನಾವು ‘ಕಾಣೆ’ ಅಂದೆವು, ಅವರು ‘ಇನ್ನೂ ಬಂದಿಲ್ಲ’ ಅಂದರು.

ನನ್ನ ಪಟ್ಟಿಯ ಹಿಂದಿದ್ದ ಒತ್ತಡವನ್ನೂ ಹೇಳಬೇಕು. 2013ರಲ್ಲಿ ರಾಜ್ಯ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತ್ತು. ಆಮೇಲೆ ಇಂಥ ಪಟ್ಟಿಗಳನ್ನು ಯಾರೂ ಹಗುರವಾಗಿ ನೋಡುತ್ತಿರಲಿಲ್ಲ. ಅದು ಒಳ್ಳೆಯದೇ. ಪಂಕ್ಚರ್ ಅಂಗಡಿಯ ಹುಡುಗ ಸಿಕ್ಕಿದ್ದೂ ಅದೇ ಪಟ್ಟಿಯಿಂದ.

ಪತ್ರದ ಪ್ರಯಾಣ

ಹೈಸ್ಕೂಲಿನವರು ಸುಮ್ನೆ ಕೂತಿರಲಿಲ್ಲ. ಜುಲೈನಲ್ಲೇ ತಮ್ಮ ಬಿಇಒ ಕಚೇರಿಗೆ ಪತ್ರ ಕೊಟ್ಟಿದ್ದರು. ಸದರಿ ವಿದ್ಯಾರ್ಥಿನಿಯ ಮಾಹಿತಿಯನ್ನು ಸ್ಯಾಟ್ಸ್‌ನಲ್ಲಿ ಬಿಡುಗಡೆ ಮಾಡಿಸಿಕೊಡಬೇಕೆಂದು ಕೋರಿಕೆ. ಈಗ ಆ ಪತ್ರದ ದಾರಿ ನೋಡಿ. ಹೈಸ್ಕೂಲಿನಿಂದ ಅವರ ಬಿಇಒ. ಅಲ್ಲಿಂದ ದಾವಣಗೆರೆ ಡಿಡಿಪಿಐ. ಅಲ್ಲಿಂದ ಚಿತ್ರದುರ್ಗ ಡಿಡಿಪಿಐ. ಅಲ್ಲಿಂದ ನಮ್ಮ ಬಿಇಒ. ಅಲ್ಲಿಂದ ಹಳೆ ಶಾಲೆ. ಮೂರು ಕಿಲೋಮೀಟರ್ ದೂರದ ಶಾಲೆ ಮುಟ್ಟಲು ಐದು ಹೆಜ್ಜೆ, ಎರಡು ಜಿಲ್ಲಾ ಕೇಂದ್ರ. ಪ್ರತಿ ಮೇಜಿನ ಮೇಲೂ ಟಪಾಲು ನಂಬರ್, ಟಿಪ್ಪಣಿ, ಸಹಿ. ಯಾರೂ ಬೇಕಂತ ತಡ ಮಾಡದಿದ್ದರೂ ತಿಂಗಳು ಹಿಡಿಯುತ್ತದೆ.

ನಾನು ಏನು ಮಾಡಿದೆ? ಇನ್ನೊಂದು ಪತ್ರ ಬರೆದೆ! ಅಭ್ಯಾಸಬಲ. ನಮ್ಮ ಕಡೆಯಿಂದ ಹೋಗಲಿ ಅಂತ ಆಗಸ್ಟ್ ಮೊದಲ ವಾರ ನಾನೇ ಟೈಪ್ ಮಾಡಿ, ಸಹಿ ಮಾಡಿಸಿ ಕಳಿಸಿದೆ. ‘ಕ್ಷೇತ್ರ ಶಿಕ್ಷಣಾಧಿಕಾರಿಗಳು, ದಾವಣಗೆರೆ’ ಅಂತ ವಿಳಾಸ. ಉತ್ತರವೋ ದಕ್ಷಿಣವೋ ಬರೆಯಲೇ ಇಲ್ಲ. ನಮ್ಮ ಚಿತ್ರದುರ್ಗದಲ್ಲಿ ಆರು ತಾಲ್ಲೂಕಿಗೆ ಆರೇ ಬ್ಲಾಕ್, ತಾಲ್ಲೂಕು ಹೆಸರು ಬರೆದರೆ ಕಾಗದ ಮುಟ್ಟುತ್ತದೆ. ಅದೇ ಗುಂಗಿನಲ್ಲಿದ್ದೆ. ಪತ್ರ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು.

ಎರಡು ವಾರ ಕಾದೆ. ಆಮೇಲೆ ಹಳೆ ಶಾಲೆಗೆ ಹೋಗಿ ಹೆಡ್‌ಮಾಸ್ಟರ್ ಮುಂದೆ ಕೂತೆ. ನಿವೃತ್ತಿಗೆ ಎರಡು ವರ್ಷ ಇದ್ದ ಹಿರಿಯರು. ವಿಷಯ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡರು. “ನಾನು ಜಗಳೂರಲ್ಲಿ ಐದು ವರ್ಷ ಇದ್ದೆ ಕಣಯ್ಯ. ಆಗ ಅದೂ ದುರ್ಗ, ದಾವಣಗೆರೆನೂ ದುರ್ಗ. ಆ ಹೈಸ್ಕೂಲೂ ನಮ್ದೇ” ಅಂದರು. ಅವರು ಹೇಳಿದ್ದು ನಿಜ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ಕ್ಕೆ, ಜೆ.ಎಚ್. ಪಟೇಲರು ಒಟ್ಟಿಗೆ ಏಳು ಹೊಸ ಜಿಲ್ಲೆ ಮಾಡಿದಾಗ. ದಾವಣಗೆರೆ, ಹರಿಹರ, ಜಗಳೂರು ನಮ್ಮಿಂದ ಹೋದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ ಬಂದವು. ನಾವು ಹೀಗೆ ಮಾತಾಡುತ್ತಿದ್ದ ಆ ವರ್ಷವೇ ಹರಪನಹಳ್ಳಿಯನ್ನು ವಾಪಸ್ ಬಳ್ಳಾರಿಗೆ ಸೇರಿಸುವ ಸುದ್ದಿ ಓಡುತ್ತಿತ್ತು. ಅಲ್ಲಿನ ಮೇಷ್ಟ್ರುಗಳ ತಲೆನೋವು ನಮಗಿಂತ ದೊಡ್ಡದು. ಬಳ್ಳಾರಿ ಅಂದರೆ ಜಿಲ್ಲೆ ಮಾತ್ರ ಅಲ್ಲ, ವಿಭಾಗವೇ ಬದಲು, ಬೆಂಗಳೂರಿನಿಂದ ಕಲಬುರಗಿಗೆ.

“ಆ ಹೆಡ್‌ಮಾಸ್ಟರ್ ನಂಬರ್ ಇದೆಯಾ ಸಾರ್?” ಅಂತ ಕೇಳಿದೆ.

“ನನ್ನ ಹತ್ರ ಯಾಕಿರುತ್ತೆ?”

ಮೂರು ಕಿಲೋಮೀಟರ್ ಅಂತರದ ಎರಡು ಶಾಲೆ, ವರ್ಷವರ್ಷವೂ ಮಕ್ಕಳು ಇಲ್ಲಿಂದ ಅಲ್ಲಿಗೆ ಹೋಗುತ್ತಾರೆ. ಇಬ್ಬರು ಹೆಡ್‌ಮಾಸ್ಟರುಗಳ ಹತ್ತಿರವೂ ಇನ್ನೊಬ್ಬರ ಫೋನ್ ನಂಬರ್ ಇಲ್ಲ. ನನ್ನ ಹತ್ತಿರವಿದ್ದ ನಂಬರಿಗೆ ನಾನೇ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಈ ಕಡೆಯವರು ಸ್ಯಾಟ್ಸ್ ತೆರೆದರು, ಆ ಕಡೆಯವರು ಅವರ ಕಂಪ್ಯೂಟರ್ ಮುಂದೆ ಕೂತರು. ಸರ್ವರ್ ನಿಧಾನ, ಒಂದು ಸಲ ಹೊರಗೆ ಹಾಕಿತು, ಮತ್ತೆ ಪಾಸ್‌ವರ್ಡ್. “ಬಂತಾ ಸಾರ್?” “ಇಲ್ಲ ಸಾರ್, ತಿರುಗ್ತಾ ಇದೆ.” “ಈಗ?” “ಹಾಂ, ಬಂತು ಬಂತು.” ಇಪ್ಪತ್ತು ನಿಮಿಷ. ಕಾವ್ಯಾ 2913ರಿಂದ 2914ಕ್ಕೆ ಹೋದಳು. ಮಾರನೇ ದಿನ ಆ ಟೀಚರ್ ಹಾಜರಿ ಪುಸ್ತಕದ ಫೋಟೊ ಕಳಿಸಿದರು. ಪೆನ್ಸಿಲ್ ಅಕ್ಷರದ ಮೇಲೆಯೇ ನೀಲಿ ಇಂಕು ತಿದ್ದಿ, ಎಡಗಡೆ 42 ಅಂತ ಬರೆದಿದ್ದರು.

ಟೀ ಅಂಗಡಿ

ಇದು ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ. ಗಡಿಯಾಚೆಯ ಕ್ಲಸ್ಟರಿಗೂ ಒಬ್ಬರು ಸಿಆರ್‌ಪಿ ಇರಬೇಕಲ್ವಾ ಅಂತ ಹೊಳೆಯಿತು. ವಿಚಾರಿಸಿದೆ. ಒಬ್ಬರು ಮೇಡಂ. ಹೈವೇ ಪಕ್ಕದ ಟೀ ಅಂಗಡಿಯಲ್ಲಿ ಒಂದು ಶನಿವಾರ ಮಧ್ಯಾಹ್ನ ಸಿಕ್ಕೆವು. ಅವರ ಕೈಯಲ್ಲೂ ನನ್ನ ಹತ್ತಿರ ಇದ್ದಂಥದ್ದೇ ಪಟ್ಟಿ. ಟೀ ಗ್ಲಾಸುಗಳನ್ನು ಸರಿಸಿ ಎರಡನ್ನೂ ಅಕ್ಕಪಕ್ಕ ಇಟ್ಟೆವು. ಅವರ ಪಟ್ಟಿಯಲ್ಲಿ ‘ಪತ್ತೆಯಾಗಿಲ್ಲ’ ಅಂತಿದ್ದ ಇಬ್ಬರು ಹುಡುಗರು ಭರಮಸಾಗರ ಕಡೆಯ ಶಾಲೆಗೆ ಬರುತ್ತಿದ್ದರು, ಅದರಲ್ಲಿ ಒಬ್ಬನನ್ನು ನಾನೇ ಹಿಂದಿನ ವಾರ ನೋಡಿದ್ದೆ. ಅವನು ನನಗೆ ಗೊತ್ತಿದ್ದ, ಆದರೆ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದರಿಂದ ನಾನು ಕೇಳಲೂ ಇಲ್ಲ.

“ನಾನು ಅವನ ಮನೆಗೆ ಮೂರು ಸಲ ಹೋಗಿದ್ದೀನಿ ಸಾರ್, ಬೀಗ ಹಾಕಿರುತ್ತೆ” ಅಂದರು ಮೇಡಂ. ಅಪ್ಪ ಅಮ್ಮ ಕೂಲಿಗೆ, ಹುಡುಗ ನಮ್ಮ ಶಾಲೆಗೆ. ಬೀಗ ಹಾಕದೆ ಇನ್ನೇನು?

ಅವತ್ತು ಒಂದು ಹಾಳೆ ಮಾಡಿದೆವು. ಗಡಿಯ ಎರಡೂ ಕಡೆಯ ಐದು ಶಾಲೆ, ಹೆಡ್‌ಮಾಸ್ಟರುಗಳ ನಂಬರ್, ಪ್ರತಿ ಶಾಲೆಯ ಯು-ಡೈಸ್ ಕೋಡ್, ಸಂಬಂಧಪಟ್ಟ ವಲಯ. ಆ ಶಾಲೆಗಳು ಯಾವ ವಲಯ ಅಂತ ನಾನು ಎರಡೆರಡು ಸಲ ಕೇಳಿ ಬರೆದುಕೊಂಡೆ. ಮುಂದಿನ ಏಪ್ರಿಲ್‌ನಿಂದ ಏಳನೇ ತರಗತಿ ಮುಗಿಸುವ ಗಡಿ ಊರಿನ ಮಕ್ಕಳ ಹೆಸರನ್ನು ರಜೆಗೆ ಮುಂಚೆಯೇ ಪರಸ್ಪರ ಕಳಿಸುವುದು ಅಂತ ಮಾತಾಯಿತು. ಇದಕ್ಕೆ ಆದೇಶ ಬೇಕಿರಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಯಾರೂ ಮಾಡಿ ಅಂತಲೂ ಅನ್ನಲಿಲ್ಲ.

ಗಡಿಯನ್ನೇ ತಿದ್ದಬೇಕು, ಊರನ್ನು ಆ ಕಡೆಗೆ ಸೇರಿಸಬೇಕು ಅನ್ನುವವರು ಊರಲ್ಲಿ ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗೆರೆ ಎಲ್ಲಿ ಎಳೆದರೂ ಅದರ ಮೇಲೆ ಒಂದು ಊರು ಇರುತ್ತದೆ. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಕಾಗದ ಹೋಗಲು ನಮ್ಮಲ್ಲಿ ಬೇಕಾದಷ್ಟು ದಾರಿ ಇದೆ. ಪಕ್ಕಕ್ಕೆ ಹೋಗುವುದಕ್ಕೇ ದಾರಿ ಇಲ್ಲ.

ಸೈಕಲ್

ಒಂದು ವಿಷಯ ಮಾತ್ರ ಸರಿಹೋಗಲಿಲ್ಲ. ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಆಗ ಉಚಿತ ಸೈಕಲ್ ಕೊಡುತ್ತಿತ್ತು, 2006ರಿಂದ ನಡೆದುಕೊಂಡು ಬಂದ ಯೋಜನೆ. ಎಷ್ಟು ಬೇಕು ಅಂತ ಶಾಲೆ ಬೇಡಿಕೆ ಕಳಿಸುವ ಹೊತ್ತಿಗೆ ಕಾವ್ಯಾ ಪೆನ್ಸಿಲ್‌ನಲ್ಲಿದ್ದಳು. ಸೈಕಲ್ ಬಂದಾಗ ಲೆಕ್ಕಕ್ಕೆ ಒಂದು ಕಮ್ಮಿ. ದಿನಾ ಆರು ಕಿಲೋಮೀಟರ್ ನಡೆಯುವ ಹುಡುಗಿಗೇ ಸಿಗಲಿಲ್ಲ. ಹೆಚ್ಚುವರಿಗೆ ಬರೆದರು. ಡಿಸೆಂಬರ್‌ನಲ್ಲಿ ಒಬ್ಬ ಹುಡುಗನ ಮನೆಯವರು ಊರು ಬಿಟ್ಟು ಹೋದಾಗ ಅವನು ಇನ್ನೂ ಒಯ್ಯದೆ ಶಾಲೆಯಲ್ಲೇ ಬಿಟ್ಟಿದ್ದ ಸೈಕಲನ್ನು ಹೆಡ್‌ಮಾಸ್ಟರ್ ಬರೆಸಿಕೊಂಡು ಇವಳಿಗೆ ಕೊಟ್ಟರು. ಹುಡುಗರ ಸೈಕಲ್, ಮುಂದೆ ಅಡ್ಡಪಟ್ಟಿ. ಅಜ್ಜಿ ಸೀಟು ತಗ್ಗಿಸಿಕೊಡಿ ಅಂತ ಆ ಪಂಕ್ಚರ್ ಅಂಗಡಿಗೇ ತಗೊಂಡು ಹೋಗಿದ್ದರಂತೆ.

ನನ್ನ ಪತ್ರಕ್ಕೂ ಉತ್ತರ ಬಂತು, ನವೆಂಬರ್‌ನಲ್ಲಿ. ಸದರಿ ವಿದ್ಯಾರ್ಥಿನಿಯ ಬಗ್ಗೆ ಪರಿಶೀಲಿಸಿ ವಾರದೊಳಗೆ ವರದಿ ಸಲ್ಲಿಸುವುದು ಅಂತ. ನಾನು ಕೇಳಿದ್ದನ್ನೇ ನನಗೆ ಕೇಳಿದ್ದರು. ‘ಪರಿಶೀಲಿಸಲಾಗಿದೆ, ವಿದ್ಯಾರ್ಥಿನಿ ಶಾಲೆಯಲ್ಲಿದ್ದಾಳೆ’ ಅಂತ ಬರೆದು ಕಳಿಸಿದೆ.

ಸಿಆರ್‌ಪಿ ಅವಧಿ ಮುಗಿದು ನಾನು ಮತ್ತೆ ತರಗತಿಗೆ ಮರಳಿದಾಗ ಹೊಸಬರಿಗೆ ಫೈಲುಗಳನ್ನು ಒಪ್ಪಿಸಿದೆ. ಶಾಲಾ ಭೇಟಿ, ಸಮಾಲೋಚನಾ ಸಭೆ, ಹೊರಗುಳಿದ ಮಕ್ಕಳು, ಎಸ್‌ಡಿಎಂಸಿ ಅಂತ ಒಂದೊಂದಕ್ಕೂ ಹೆಸರು ಬರೆದ ಫೈಲು. ಕೊನೆಗೆ ಟೀ ಅಂಗಡಿಯಲ್ಲಿ ಮಾಡಿದ ಆ ಹಾಳೆ, ಮಡಿಕೆಯ ಜಾಗದಲ್ಲಿ ಹರಿದು ಟೇಪ್ ಹಚ್ಚಿದ್ದು, ಅದನ್ನೂ ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿದರು.

“ಇದನ್ನ ಯಾವ ಫೈಲಿಗೆ ಹಾಕ್ಲಿ ಸಾರ್?”

ಇಬ್ಬರೂ ಸ್ವಲ್ಪ ಹೊತ್ತು ಹುಡುಕಿದೆವು. ಆಮೇಲೆ ಅವರು ಅದನ್ನು ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡರು.